ಬಾಯಿಗೊಂದು ತೇಪೆ

ತಾನೇ ಕಟ್ಟಿದ ಎರಡು ಸಾಲಿನ ಪದ ಅಂಚೆಯಣ್ಣನಿಗೆ ಬಲು ದುಬಾರಿಯಾಗಿತ್ತು. ಸೈಕಲ್ ಅಂಗಡಿಯವನ ವಾಚಾಳಿತನವನ್ನು ಅವನು ಹಾಡಿದ, ಊರೆಲ್ಲ ಹಾಡಿತು, ಬಾಲ್ಯದ ಗೆಳೆಯನಾದ ಆ ಅಂಗಡಿಯವನು ಇವನೊಂದಿಗೆ ಮಾತು ಬಿಟ್ಟ. ಅಂದಿನಿಂದ ಪಂಕ್ಚರ್ ಆದಾಗಲೆಲ್ಲ ಟಪಾಲು ಚೀಲದ ಸಮೇತ ಸೈಕಲ್ಲನ್ನು ಪಕ್ಕದೂರಿಗೆ ತಳ್ಳುವ ಪಾಡು ಅವನದು.

ಇವತ್ತು ಆ ಗೆಳೆಯನ ಮಗಳೇ ಅಡ್ಡ ಬಂದು ಹ್ಯಾಂಡಲ್ ಹಿಡಿದಳು. "ಒಳಗೆ ಬಾ ಮಾವ. ಲಕ್ವ ಹೊಡೆದಾಗಿಂದ ಅಪ್ಪನ ಬಾಯಲ್ಲಿ ಒಂದು ಮಾತಿಲ್ಲ. ನಿನ್ನೆ ಮಾತ್ರ ನಿನ್ನ ಪದದ ರಾಗ ಗುನುಗಿದ. ಒಂದ್ಸಲ ಹಾಡು."

"ಆ ಪದಾನಾ? ಗಾಯದ ಮೇಲೆ ಬರೆ ಎಳೆಯೋಕೆ ನಾನೇ ಬೇಕೇನೇ ನಿಂಗೆ?"

"ನಿನ್ನ ಬೈಯೋಕಾದ್ರೂ ಬಾಯಿ ಬಿಡ್ಲಿ ಮಾವ."

ಮಂಚದ ಮೇಲಿದ್ದ ಗೆಳೆಯ ಅವನನ್ನು ದುರುಗುಟ್ಟಿ ನೋಡಿದ. ಅಂಚೆಯಣ್ಣ ತಲೆ ತಗ್ಗಿಸಿ ಮೆಲ್ಲನೆ ಎತ್ತಿಕೊಂಡ: "ಊರ ಟ್ಯೂಬಿಗೆಲ್ಲ ತೇಪೆ ಹಚ್ಚೋ ಜಾಣ..." ಮುಂದಿನ ಸಾಲು ಆ ಸೊಟ್ಟಬಾಯಿಯ ಎದುರು ಹೊರಡಲಿಲ್ಲ.

ಮಂಚದಿಂದ ಒಡಕು ದನಿ ಎದ್ದಿತು: "ತನ್ನ... ಬಾಯಿಗೊಂದು ತೇಪೆ ಹಚ್ಚಲಾರ ಕಾಣ."

ಮಗಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಗೆಳೆಯ ಓರೆಬಾಯಲ್ಲೇ ನಕ್ಕು, ಸರಿಯಿದ್ದ ಕೈಯಿಂದ ಮಂಚ ತಟ್ಟಿ, ಕೂರು ಎಂದು ಸನ್ನೆ ಮಾಡಿದ. ಸಾವಿರ ಮಾತಾಡುತ್ತಿದ್ದವನಿಗೆ ಒಂದು ಸಾಲು ಉಳಿದಿತ್ತು. ಅಂಚೆಯಣ್ಣನಿಗೆ ಗೆಳೆಯ ಮರಳಿ ಸಿಕ್ಕಿದ್ದ.