ನಿಲ್ಲದ ಪಂಪು

ಪಂಪು ನಿಲ್ಲಲಿಲ್ಲ. ಡ್ರಿಲ್ ಮೇಷ್ಟ್ರು ಅಡುಗೆಕಟ್ಟೆಯ ನಲ್ಲಿಯನ್ನು ಕೈ ನೋಯುವಷ್ಟು ಬಿಗಿಯಾಗಿ ಮುಚ್ಚಿದ್ದರು. ಆದರೂ ಗಾಡಿಯ ಸೀಟಿನ ಕೆಳಗಿನ ಪಂಪು ಗುರ್ರೆಂದು ಓಡುತ್ತಲೇ ಇತ್ತು. ನಲ್ಲಿ ತೆರೆದರೆ ಓಡಬೇಕು, ಮುಚ್ಚಿದರೆ ತಾನಾಗಿ ನಿಲ್ಲಬೇಕು, ಅಷ್ಟೇ ಅದರ ಕೆಲಸ. ಇದು ಮುಚ್ಚಿದರೆ ನಿಲ್ಲದು. ತೆರೆದರೆ ನಲ್ಲಿ ಎರಡು ಸಲ ಕೆಮ್ಮಿ, ದಾರದಷ್ಟು ಸಪೂರ ನೀರು ಬಿಟ್ಟು ಸುಮ್ಮನಾಗುತ್ತಿತ್ತು.

ಗಾಡಿ ಹಳೆಯ ಕ್ಯಾರವಾನ್: ಹಿಂದೆ ಮಂಚ, ನಡುವೆ ಅಡುಗೆಕಟ್ಟೆ, ಮೂಲೆಯಲ್ಲಿ ಒಬ್ಬರು ನಿಂತರೆ ತುಂಬಿಹೋಗುವ ಷವರ್ ಗೂಡು. ನಿವೃತ್ತರಾದ ಮೇಲೆ ಮೇಷ್ಟ್ರು ಮನೆಯಲ್ಲಿ ಒಂದು ಮಾತೂ ಕೇಳದೆ ಅದನ್ನು ಕೊಂಡು ತಂದಿದ್ದರು. ಗಂಡ ಹೆಂಡತಿ ಇಬ್ಬರೇ ಸಮುದ್ರದವರೆಗೆ ಹೋಗಿಬರಬೇಕೆಂಬುದು ಅವರ ಆಸೆ. ಹೆಂಡತಿ ಗಾಡಿಯ ಸುತ್ತ ಒಮ್ಮೆ ನಡೆದು ತೀರ್ಪು ಕೊಟ್ಟಿದ್ದರು: ಭಾನುವಾರ ಸಂಜೆಯೊಳಗೆ ಅದರ ನಲ್ಲಿಯಲ್ಲಿ ಮುಖ ತೊಳೆಯುವಷ್ಟು ನೀರು ಬಂದರೆ ತಾವು ಬರುವುದು, ಇಲ್ಲವಾದರೆ ಗಾಡಿ ಮಾರುವುದು. ಕೊಳ್ಳುವವನೂ ಗೊತ್ತಾಗಿದ್ದ. ಹೆಂಡತಿಯ ತಮ್ಮ, ಸ್ಟುಡಿಯೊ ಇಟ್ಟುಕೊಂಡ ಫೋಟೊಗ್ರಾಫರ್, ಗಾಡಿಯನ್ನು ಕ್ಯಾಂಟೀನ್ ಮಾಡಿಕೊಳ್ಳಲು ಬಯಸಿದವನೊಬ್ಬನನ್ನು ಹುಡುಕಿ ಈ ಸಂಜೆಗೇ ಬರಹೇಳಿದ್ದ. ಇವತ್ತೇ ಭಾನುವಾರ.

ಬೆಳಿಗ್ಗೆಯಿಂದ ಭಾವ, ಭಾವಮೈದುನ ಇಬ್ಬರೂ ಕೈಯಲ್ಲಾದದ್ದನ್ನೆಲ್ಲ ಮಾಡಿದ್ದರು. ತೋಟದ ಪೈಪನ್ನು ಗಾಡಿಯ ಪಕ್ಕೆಯ ತೂತಿಗೆ ತೂರಿಸಿ, ನೀರು ಹೊರಗೆ ಉಕ್ಕುವವರೆಗೂ ಟ್ಯಾಂಕು ತುಂಬಿಸಿದ್ದಾಯಿತು. ಅದನ್ನು ಖಾಲಿ ಮಾಡುವ ತಿರುಪು ಮುಚ್ಚಿದೆಯೇ ಎಂದು ನೋಡಿದ್ದಾಯಿತು. ಪಂಪಿನ ಜಾಲರಿ ಬಿಚ್ಚಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದ್ದೂ ಆಯಿತು. ಎಲ್ಲಾದರೂ ಸೋರಿದರೆ ಗೊತ್ತಾಗಲೆಂದು ಗಾಡಿಯ ಅಡಿಯಲ್ಲಿ ಹಳೆಯ ಪತ್ರಿಕೆ ಹಾಸಿದ್ದರು. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕಾವಲಿಗೆಂದು ಅಲ್ಲೇ ಮಲಗಿದ್ದ ಭಾವಮೈದುನ ಕ್ರೀಡಾಪುಟ ಓದಿ ಮುಗಿಸಿದ್ದ. ಆದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ನೀರು ಒಂದು ಗೇಣು ಇಳಿದಿತ್ತು.

“ಭಾವ, ಸೋರ್ತಾನೂ ಇಲ್ಲ, ನಲ್ಲೀಲಿ ಬರ್ತಾನೂ ಇಲ್ಲ. ಗಾಡೀನೇ ಕುಡೀತಿದೆ ಅನ್ಸುತ್ತೆ,” ಎಂದ ಅವನು ಕೆಳಗಿನಿಂದಲೇ. “ಇಷ್ಟು ವಯಸ್ಸಾದ್ಮೇಲೆ ಬಾಯಾರಿಕೆ ಜಾಸ್ತಿ ಇರುತ್ತೆ.”

ಮೇಷ್ಟ್ರು ಷವರ್ ಗೂಡಿನ ಬಾಗಿಲಿಗೆ ಕೈ ಹಾಕಿದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಹೆಂಡತಿ ತಡೆದರು.

“ಅಲ್ಲೇನಿದೆ ರೀ? ನಿನ್ನೆ ಗುಡಿಸಿ ಪೊರಕೆ, ಬಕೆಟ್ಟು ಎಲ್ಲಾ ಅದರೊಳಗೆ ತುರುಕಿದೀನಿ. ತೆಗೆದ್ರೆ ತಲೆ ಮೇಲೆ ಬೀಳುತ್ತೆ. ಆ ಷವರ್ರು ನಾನಂತೂ ಮುಟ್ಟಿಲ್ಲ.”

ಸೇವೆಯುದ್ದಕ್ಕೂ ಮಕ್ಕಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿದ ಮೇಷ್ಟ್ರು ಹೆಂಡತಿಯ ಮಾತಿಗೆ ಮಾತ್ರ ತಾವೇ ಹಿಂದಕ್ಕೆ ತಿರುಗುತ್ತಿದ್ದರು. ಈಗಲೂ ತಿರುಗಿದರು. ನೋಡದೆ ಉಳಿದಿದ್ದು ಬಳಸಿದ ನೀರು ಹೋಗಿ ಸೇರುವ ಇನ್ನೊಂದು ಟ್ಯಾಂಕು. ಗಾಡಿಯಲ್ಲಿ ಇನ್ನೂ ಯಾರೂ ಕೈ ಕೂಡ ತೊಳೆದಿರದ ಕಾರಣ ಅದು ಖಾಲಿ ಇರಬೇಕಿತ್ತು. ಮೇಷ್ಟ್ರು ಹೊರಗೆ ಬಂದು, ಬಗ್ಗಿ, ಅದರ ತಿರುಪು ಸಡಿಲಿಸಿದರು. ಕೆಳಗೆ ಮಲಗಿದ್ದವನ ಎದೆಯ ಮೇಲೆ ನೀರು ಧೋ ಎಂದು ಸುರಿಯಿತು. ಅವನ ಬಿಳಿ ಅಂಗಿ ನೋಡನೋಡುತ್ತ ಗುಲಾಬಿಯಾಯಿತು.

“ತುಕ್ಕು, ಭಾವ,” ಎಂದ, ಬಾಯಿ ಒರೆಸಿಕೊಳ್ಳುತ್ತ.

“ಗುಲಾಬಿ ತುಕ್ಕು ನಾನೆಲ್ಲೂ ನೋಡಿಲ್ಲ ಕಣಯ್ಯ,” ಎಂದು ಮೇಷ್ಟ್ರು ಮತ್ತೆ ಮೇಲೆ ಹತ್ತಿದರು.

ಹೆಂಡತಿ ಈ ಸಲ ತಡೆಯಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಹೊರಗಿನ ಬರೀ ಗೋಡೆಯನ್ನು ಬಹಳ ಗಮನವಿಟ್ಟು ನೋಡುತ್ತ ನಿಂತರು. ಮೇಷ್ಟ್ರು ಬಾಗಿಲು ತೆಗೆದರೆ ಗೂಡಿನೊಳಗೆ ಪೊರಕೆಯೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ. ನಲ್ಲಿಯ ಹಿಡಿಗೆ ಒಂದು ಬಟ್ಟೆಯ ಚೀಲ ತೂಗುಹಾಕಿತ್ತು. ಕೆಳಗೆಳೆದರೆ ತೆರೆದುಕೊಳ್ಳುವ ಹಿಡಿ ಅದು. ಷವರಿನ ನೀರು ನೇರ ಚೀಲದ ಬಾಯೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು. ನೆನೆದಷ್ಟೂ ಚೀಲ ಭಾರ, ಭಾರವಾದಷ್ಟೂ ಹಿಡಿ ಕೆಳಕ್ಕೆ. ಚೀಲದಲ್ಲಿ ಅಚ್ಚುಕಟ್ಟಾಗಿ ಮಡಿಸಿದ ಹೆಂಡತಿಯ ಬಟ್ಟೆಗಳಿದ್ದವು. ಬಣ್ಣ ಬಿಡುತ್ತಿದ್ದ ಹೊಸ ಗುಲಾಬಿ ಶಾಲು, ಡಬ್ಬಿಯಲ್ಲಿ ಮೇಷ್ಟ್ರ ಬಿಪಿ ಮಾತ್ರೆ, ಒಂದು ಪಕ್ಕದಲ್ಲಿ ಅಗಲ ಅಂಚಿನ ಹುಲ್ಲಿನ ಟೋಪಿ. ಅದರ ಬೆಲೆಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ತರಕಾರಿ ತರಲು ಹಾಕಿಕೊಂಡು ಹೋಗುವ ಟೋಪಿಯಲ್ಲ ಅದು.

ಮೇಷ್ಟ್ರು ಚೀಲ ಬಿಡಿಸಿ ಹಿಡಿಯನ್ನು ಮೇಲಕ್ಕೆ ತಳ್ಳಿದರು. ಪಂಪು ಒಮ್ಮೆ ನಡುಗಿ ನಿಂತಿತು. ಗಾಡಿಯೊಳಗೆ ಎಷ್ಟು ನಿಶ್ಶಬ್ದವಾಯಿತೆಂದರೆ ಚೀಲ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

“ಏನಾಗಿತ್ತು ಭಾವ?” ಕೆಳಗಿನಿಂದ ಪ್ರಶ್ನೆ ಬಂತು.

ಮೇಷ್ಟ್ರು ಹೆಂಡತಿಯ ಬೆನ್ನನ್ನು ನೋಡಿದರು. “ವಾಷರ್ ಹೋಗಿತ್ತು,” ಎಂದರು.

ಹೆಂಡತಿ ತಿರುಗಿ, ಅಡುಗೆಕಟ್ಟೆಯ ನಲ್ಲಿ ಬಿಟ್ಟರು. ಬೊಗಸೆ ತುಂಬಿ ಚೆಲ್ಲುವಷ್ಟು ನೀರು ಬಂತು. ನಿಧಾನವಾಗಿ ಮುಖ ತೊಳೆದು, ತಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: “ಮಾತು ಕೊಟ್ಟು ಸಿಕ್ಕಿಹಾಕ್ಕೊಂಡೆ. ಇನ್ನೇನು ಮಾಡೋದು, ಹೋಗ್ಲೇಬೇಕು.”

ಕ್ಯಾಂಟೀನಿನವನಿಗೆ ಬರುವುದು ಬೇಡವೆಂದು ಫೋನ್ ಮಾಡಿ ಭಾವಮೈದುನ ಅಂಗಳಕ್ಕೆ ಮರಳುವ ಹೊತ್ತಿಗೆ ಗಾಡಿಗೂ ಗೇಟಿಗೂ ನಡುವೆ ಹಗ್ಗ ಕಟ್ಟಿತ್ತು. ಗುಲಾಬಿ ಅಂಗಿಯಲ್ಲೇ ಅವನು ಹಗ್ಗದ ಉದ್ದಕ್ಕೂ ಕಣ್ಣಾಡಿಸಿದ.

“ಅಕ್ಕ, ಇಷ್ಟೊಂದು ಬಟ್ಟೆ ಯಾವಾಗ ಒಗೆದೆ?”

“ನೀರು ಸರಿಯಾಗಿ ಬರುತ್ತೋ ಇಲ್ವೋ ಅಂತ ನೋಡ್ಬೇಡ್ವೇನೋ?”

ಅವನು ಇನ್ನೇನೋ ಕೇಳಲು ಬಾಯಿ ತೆರೆದ. ಹಗ್ಗದ ಕೊನೆಯಲ್ಲಿ, ಎರಡು ಕ್ಲಿಪ್ಪುಗಳ ನಡುವೆ, ಹುಲ್ಲಿನ ಟೋಪಿ ಬೆಲೆಚೀಟಿಯ ಸಮೇತ ತೊಟ್ಟಿಕ್ಕುತ್ತಿತ್ತು.