ಜೋಳದ ತೂಕದ ಬೆಲ್ಲ

“ಹನ್ನೆರಡು ಸೇರು ಜೋಳ ಎಷ್ಟು ತೂಗತಾವ್ರಿ ಸಾವಕಾರ್ರ? ಅಷ್ಟ ತೂಕದ ಬೆಲ್ಲ ಬೇಕಾಗೇತಿ.”

ಈರಬಸಪ್ಪ ತಕ್ಕಡಿಯಿಂದ ತಲೆ ಎತ್ತಿದ. ಅಣ್ಣಿಗೇರಿ ಸಂತೆಯ ದಿನ ಅವನ ಕಿರಾಣಿ ಅಂಗಡಿಗೆ ಎಂಥೆಂಥ ಗಿರಾಕಿಗಳೋ ಬರುತ್ತಿದ್ದರು. ಜೋಳ ಅಳೆದು ಬೆಲ್ಲ ಕೇಳುವವರನ್ನು ಮಾತ್ರ ಅವನು ಕಂಡಿರಲಿಲ್ಲ. ಸೇರು ಹೋಗಿ ಕಿಲೋ ಬಂದು ಇಪ್ಪತ್ತು ವರ್ಷವಾಗಿತ್ತು. ಆದರೂ ಈ ಹೆಂಗಸರು ಅಡುಗೆಯನ್ನು ಸೇರಿನಲ್ಲಿ ಮಾಡುತ್ತಿದ್ದರು, ಸಂತೆಯನ್ನು ಕಿಲೋದಲ್ಲಿ. ನಡುವಿನ ಲೆಕ್ಕದ ತಲೆನೋವೆಲ್ಲ ಅಂಗಡಿಯವನದು.

“ತುಂಬಿ ತುಳುಕೂ ಹಂಗ ಅಳದಿಯೋ, ಸೇರಿನ ಮ್ಯಾಲೆ ಕೈ ಎಳದೋ?”

“ಕೈ ಎಳದ ಅಳದೇನ್ರಿ. ಒಂದು ಕಾಳು ಹೆಚ್ಚುಕಮ್ಮಿ ಆಗಬಾರದು.”

“ಹಂಗಾರ ಹತ್ತು ಕಿಲೋ. ಒಂದು ಪೆಂಟಿ ಬೆಲ್ಲ ಬರೋಬ್ಬರಿ ಆಗತೈತಿ. ಮನ್ಯಾಗ ಏನ್ ಕಾರ್ಯ?”

“ದೇವರ ಕೆಲಸರಿ.” ಶಲವಡಿಯ ಕುರಿಗಾರ ಹೊಳೆಯಪ್ಪನ ಹೆಂಡತಿ ಮೈಲಾರವ್ವ ಮುಖ ತುಂಬ ನಕ್ಕಳು. “ಮನಿಯವರು ಕುರಿ ಹೊಡಕೊಂಡು ಅಳ್ನಾವರದ ಕಡಿ ಹೋಗ್ಯಾರ. ಅವರು ಬಂದ ಮ್ಯಾಲೆ ಒಯ್ಯತೀನಿ, ತಗದಿಡ್ರಿ.”

ಈರಬಸಪ್ಪ ಹತ್ತು ಕಿಲೋದ ಇಡೀ ಬೆಲ್ಲದ ಅಚ್ಚು, ಒಂದು ಪೆಂಟಿಯನ್ನು ಬೇರೆ ಇಟ್ಟ.

ಕೆಲವು ಸಂತೆ ಕಳೆದು ಅವಳು ಮತ್ತೆ ಬಂದಳು. “ಹನ್ನೊಂದು ಸೇರಿಗೆ ಎಷ್ಟ ಆಗತೈತ್ರಿ?”

“ಹನ್ನೆರಡು ಅಂದಿದ್ದಿ?”

“ಮತ್ತ ತೂಗಿ ನೋಡಿದ್ನಿರಿ. ಮನ್ಯಾಗ ತೊಲಿಗೆ ಬುಟ್ಟಿ ತಕ್ಕಡಿ ಕಟ್ಟೇನಿ.”

ಈರಬಸಪ್ಪ ತನ್ನ ತಕ್ಕಡಿಯ ಕಡೆ ನೋಡಿದ. ಮನೆಯಲ್ಲಿ ತಕ್ಕಡಿ! ಅಯ್ಯೋ ಶಿವನೇ, ಇವಳು ನನ್ನ ತೂಕವನ್ನೇ ಪರೀಕ್ಷೆ ಮಾಡುತ್ತಿದ್ದಾಳೋ ಏನೋ! ತೂಕದ ಇನ್ಸ್‌ಪೆಕ್ಟರು ಕಳಿಸುವುದಾದರೆ ಇಂಥ ಬಡಪಾಯಿ ಮುಖದವಳನ್ನೇ ಕಳಿಸುತ್ತಾರೆ. ಅಂದು ಅಂಗಡಿ ಮುಚ್ಚುವ ಮುಂಚೆ ತೂಕದ ಕಲ್ಲುಗಳನ್ನೆಲ್ಲ ತಿಕ್ಕಿ ಒರೆಸಿಟ್ಟ.

ಮುಂದಿನ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ. ಪಾವ ಕಿಲೋ ಸಾಬೂದಾಣಿ ಕಟ್ಟಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, “ಒಂಬತ್ತು ಸೇರಿಗೆ?”

ಈರಬಸಪ್ಪನಿಗೆ ತಡೆಯಲಾಗಲಿಲ್ಲ. “ಏನವಾ, ದೇವರ ಕೆಲಸದಾಗೂ ಜಿಪುಣತನ ಏನು? ಬಂದಾಗೊಮ್ಮೆ ಕಡಿಮಿ ಮಾಡಕೋಂತ ಹೊಂಟಿಯಲ್ಲ!”

ಅಂಗಡಿಯಲ್ಲಿದ್ದವರು ನಕ್ಕರು.

“ಕಡಿಮಿ ಮಾಡಾಕಿ ನಾ ಅಲ್ಲರಿ ಯಪ್ಪಾ. ಹಿಡದು ನಿಲ್ಲಸೂದು ನನ್ನ ಕೈಲೆ ಆಗವಲ್ದು.” ಅವಳು ಸಾಬೂದಾಣಿಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. “ಮನಿಯವರಿಗೆ ಹೇಳಿ ಕಳಿಸೇನಿ. ಕುರಿ ಯಾವ ಅಡವ್ಯಾಗ ಅದಾವೋ, ಸುದ್ದಿ ಮುಟ್ಟವಲ್ದು. ಅಲ್ಲೀತನಕ ದೇವರು ಕಾಯಬೇಕು.”

“ಬೆಲ್ಲ ಕಾಯಾಕ ದೇವರ್ಯಾಕ, ನಾ ಇಲ್ಲೇನು?”

ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆಂಬಂತೆ ಅವಳು ಓಡೋಡಿ ಹೊರಟುಹೋದಳು.

ಕೊನೆಗೆ ಒಂದು ದಿನ ಗಂಡಹೆಂಡತಿ ಇಬ್ಬರೂ ಬಂದರು. ಹೊಳೆಯಪ್ಪನ ಕಾಲು ಮೊಣಕಾಲ ತನಕ ಧೂಳಾಗಿತ್ತು. ಹೆಗಲ ಮೇಲೆ ಕಂಬಳಿಯ ಗಂಟು.

“ಇವತ್ತ ಒಯ್ಯತೀವ್ರಿ” ಎಂದ.

“ಈಗ ಎಷ್ಟು ಸೇರಿಗೆ ಇಳದೈತಿ?”

“ಅಳದಿಲ್ರಿ” ಎಂದಳು ಮೈಲಾರವ್ವ. “ಅಳದು ನೋಡಾಕ ಧೈರ್ಯ ಸಾಲವಲ್ದು. ನಿಮ್ಮ ದೊಡ್ಡ ತಕ್ಕಡ್ಯಾಗ ನೀವ ತೂಗಿ ಕೊಡ್ರಿ.”

ಇದಕ್ಕೇ ಕಾದಿದ್ದ ಈರಬಸಪ್ಪ. ಮೊದಲ ದಿನ ತೆಗೆದಿಟ್ಟಿದ್ದ ಅದೇ ಪೆಂಟಿಯನ್ನು ಹೊತ್ತು ತಂದು ಒಂದು ತಟ್ಟೆಯಲ್ಲಿ ಧಪ್ಪನೆ ಇಟ್ಟ. ತಟ್ಟೆ ನೆಲಕ್ಕೆ ಕೂತಿತು.

“ಇಡ್ರಿ ಆ ಕಡಿ ನಿಮ್ಮ ಜೋಳ! ಯಾರ ತೂಕ ಖೋಟಾ ಅಂಬೂದನ್ನ ಮಂದಿ ನೋಡಲಿ!”

ಹೊಳೆಯಪ್ಪ ಕಂಬಳಿ ಬಿಚ್ಚಿ, ಮಗ ಹುಟ್ಟಿದರೆ ಅವನ ತೂಕದ ಬೆಲ್ಲ ಕೊಡುತ್ತೇವೆಂದು ದೇವರಲ್ಲಿ ಬೇಡಿ ಪಡೆದ, ಜಡ್ಡಿನಲ್ಲಿ ಸೊರಗಿಹೋದ ಎರಡು ವರ್ಷದ ಕೂಸನ್ನು ಮೇಲಿನ ತಟ್ಟೆಯಲ್ಲಿ ಮಲಗಿಸಿದ; ಬೆಲ್ಲದ ತಟ್ಟೆ ನೆಲ ಬಿಟ್ಟು ಏಳಲಿಲ್ಲ.