ದವಡೆ ಆಡುವ ಚಿತ್ರ

ಹೆಸರುಕಾಯಿ ಬಿಡಿಸುವ ದಿನಗಳು. ಊರೆಲ್ಲ ಹೊಲ ಸೇರಿದ್ದರೂ ಯಂಕವ್ವ ಮಾತ್ರ ದನದ ಮನೆ ಬಿಟ್ಟು ಕದಲಿರಲಿಲ್ಲ. ತುಂಬು ಗಬ್ಬದ ಎಮ್ಮೆ ನಿನ್ನೆಯಿಡೀ ಮೇವಿಗೆ ಬಾಯಿ ಹಚ್ಚಿರಲಿಲ್ಲ. ಇಂದು ಬೆಳಿಗ್ಗೆ ಒಂದಿಷ್ಟು ಹಸಿ ಹುಲ್ಲು ತಿಂದು ಮಲಗಿತ್ತು.

ಧಾರವಾಡದ ದನದ ಡಾಕ್ಟರು ಶ್ರೀರಂಗ ಅದನ್ನು ಯಂಕವ್ವನ ಫೋನಿನ ಮೂಲಕ ನೋಡುತ್ತಿದ್ದರು. ಆ ವಿಡಿಯೊ ಕರೆಯ ತಂತ್ರಾಂಶ ಬರೆದವಳು ಹುಬ್ಬಳ್ಳಿಯ ಮಯೂರಿ. ಚಿತ್ರವನ್ನು ಹಿಂಡಿ ಹಗುರ ಮಾಡಿ ಕಳಿಸುವ ಕೋಡೆಕ್‌ಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಆರಿಸಿ, ಬೇಸಿಗೆಯಿಂದಲೂ ಅದನ್ನೇ ತಿದ್ದಿ ತೀಡಿ, ಇಂದು ಪರೀಕ್ಷೆಗೆ ತಾನೇ ಈ ದನದ ಮನೆಗೆ ಬಂದು ನಿಂತಿದ್ದಳು.

"ಭಾಳ ಸ್ವಚ್ಛ ಅದವಾ ಚಿತ್ರ. ಮೂಗಿನ ಮ್ಯಾಲ ಕೂತ ನೊಣದ ರೆಕ್ಕಿ ಸೈತ ಕಾಣಸ್ತದ," ಅಂದರು ಡಾಕ್ಟರು. ಮಯೂರಿಯ ಮುಖ ಅರಳಿತು. ಅಷ್ಟರಲ್ಲಿ ಅವರ ದನಿ ಬದಲಾಯಿತು. "ಯಂಕವ್ವಾ, ಎಮ್ಮಿ ಮೆಲುಕು ಹಾಕವಲ್ದು. ಹೊಟ್ಟಿ ನಿಂತಂಗ ಅದ. ಲಗೂನ ಗಾಡಿ ಮಾಡಿ ಇಲ್ಲಿಗೆ ತರ್ರಿ."

ದಿನ ತುಂಬಿದ ಎಮ್ಮೆಯನ್ನು ಆ ತಗ್ಗುದಿಣ್ಣೆಯ ದಾರಿಯಲ್ಲಿ ಕುಲುಕಿಸಿಕೊಂಡು ಹೋದರೆ ಹೊಟ್ಟೆಯೊಳಗಿನ ಕರು ಉಳಿದೀತೇ? ಯಂಕವ್ವ ಎಮ್ಮೆಯ ಬಾಯಿ ನೋಡಿದಳು.

"ಮೆಲುಕು ಹಾಕಾಕತ್ತೈತಲ್ರಿ ಸಾಹೇಬರ."

"ಸುಳ್ಳ ಸಮಾಧಾನ ಬ್ಯಾಡ. ನನ್ನ ಕಣ್ಣ ಮುಂದನ ಅದ."

ಮಯೂರಿ ಎಮ್ಮೆಯ ಕಡೆ ಬಾಗಿದಳು. ದವಡೆ ಆಡುತ್ತಿತ್ತು. ಮೂಗಿನ ಮೇಲೆ ನೊಣವಿರಲಿಲ್ಲ.

"ಸರ, ಆ ನೊಣ ಹಾರೇತೇನ್ರಿ?"

ಡಾಕ್ಟರು ಪರದೆಯತ್ತ ಬಾಗಿ ನೋಡಿದರು. "ಇಲ್ಲ. ಅಲ್ಲೇ ಕೂತದ."

ಫೋನು ಮುಟ್ಟಿದರೆ ಕಾದ ಹಂಚು. ಹೊಸ ಕೋಡೆಕ್ಕಿನ ಭಾರ ಆ ಹಳೆಯ ಫೋನಿಗೆ ಹೊರಲಾಗದೆ ಚಿತ್ರ ಯಾವಾಗಲೋ ನಿಂತುಬಿಟ್ಟಿತ್ತು. ಅಷ್ಟು ಚೊಕ್ಕಟವಾಗಿದ್ದುದರಿಂದಲೇ ಅದು ನಿಂತದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಮಯೂರಿಯ ಬೆರಳು ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಎಂಥ ಫೋನಿಗೂ ಒಗ್ಗುವ ಹಳೆಯ ಕೋಡೆಕ್ಕನ್ನು ಒತ್ತಿದಳು.

"ಮಂಜು ಮುಸುಕಿದಂಗ ಆತಲ್ಲವಾ," ಅಂದರು ಡಾಕ್ಟರು. "ತಡಿ ತಡಿ... ದವಡಿ ಆಡ್ಲಿಕ್ಕತ್ತದ. ಗಾಡಿ ಬ್ಯಾಡ ಯಂಕವ್ವಾ, ಸಂಜಿಕ ನಾನ ಬರ್ತೇನಿ."

ಯಂಕವ್ವ ಉಸಿರು ಬಿಟ್ಟಳು. "ಅಷ್ಟ್ ದಿನ ಮಾಡಿದ್ದ ನಿನ್ನ ಹೊಸಾದು ದಂಡ ಆತಲ್ಲ ತಂಗಿ?"

"ದಂಡ ಯಾಕ್ರಿ ಯಕ್ಕಾ. ಹೊಸಾ ಫೋನಿನವ್ರಿಗೆ ಅದು, ನಿಮಗ ಇದು. ಫೋನ್ ನೋಡಿ ತಾನ ಆರಿಸ್ಕೊಳ್ಳೂಹಂಗ ಮಾಡ್ತೇನಿ."

ಯಂಕವ್ವ ಒಳಗೆ ಹೋಗಿ ಕರಿ ಚಹಾ ತಂದು ಕೈಗಿಟ್ಟಳು. "ಹಾಲಿಲ್ಲ ನೋಡವಾ. ಎಮ್ಮಿ ಈದ ಮ್ಯಾಲ ಬಾ. ನಿಂದೊಂದು ತಂಬಿಗಿ ಗಿಣ್ಣ ನನ್ನ ಮ್ಯಾಲ ಬಾಕಿ ಐತಿ."